ಸೊನ್ನೆಯಿಂದ ಶುರುವಾದ ಪ್ರಿಫಿಕ್ಸ್ ಪಾಠ: ನನ್ನ ಅನುಭವ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ನಾನು ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಕಲಿಸುತ್ತೇನೆ. ಗೈಡುಗಳು ಪ್ರಿಫಿಕ್ಸ್ (ಪದದ ಆರಂಭಕ್ಕೆ ಸೇರುವ ಪೂರ್ವಪ್ರತ್ಯಯ) ಎಂಬ ತಲೆಬರಹದಡಿ ವಿರುದ್ಧಾರ್ಥಕ ಪದಗಳ ಉದ್ದನೆಯ ಪಟ್ಟಿ ಕೊಟ್ಟು ಸುಮ್ಮನಾಗುತ್ತವೆ. ಮಕ್ಕಳು ಅದನ್ನು ಕಂಠಪಾಠ ಮಾಡುತ್ತಾರೆ, ಪಟ್ಟಿಯಲ್ಲಿಲ್ಲದ ಪದ ಬಂದರೆ ತಡವರಿಸುತ್ತಾರೆ. ಆದ್ದರಿಂದ ಈ ಪಾಠವನ್ನು ನಾನು ಕನ್ನಡ ವರ್ಣಮಾಲೆಯಿಂದಲೇ ಆರಂಭಿಸುತ್ತೇನೆ.

ಮೊದಲು 'ಸಂತೋಷ', 'ಸಂಪತ್ತು' ಎಂಬ ಎರಡು ಪದಗಳನ್ನು ಗಟ್ಟಿಯಾಗಿ ಓದಿಸುತ್ತೇನೆ. ಬರೆಯುವಾಗ ಎರಡರಲ್ಲೂ ಅದೇ ಸೊನ್ನೆ. ಆದರೆ ನುಡಿಯುವಾಗ ಮೊದಲನೆಯದರಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ, ಎರಡನೆಯದರಲ್ಲಿ ತುಟಿಗಳು ಮುಚ್ಚಿಕೊಳ್ಳುತ್ತವೆ. ಮುಂದಿನ ಅಕ್ಷರ ಯಾವ ವರ್ಗದ್ದೋ ಆ ವರ್ಗದ ಅನುನಾಸಿಕವಾಗಿಯೇ ಸೊನ್ನೆ ಕೇಳಿಸುತ್ತದೆ ಎಂಬುದನ್ನು ಮಕ್ಕಳು ತಮ್ಮ ಬಾಯಲ್ಲೇ ಕಂಡುಕೊಳ್ಳುತ್ತಾರೆ. ಬಳಿಕ 'ಇಂಡೈರೆಕ್ಟ್', 'ಇಂಪಾಸಿಬಲ್' ಎಂದು ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆಯುತ್ತೇನೆ. ಇಲ್ಲಿಯೂ ಸೊನ್ನೆ ಒಂದೇ, ನುಡಿ ಎರಡು. ಇಂಗ್ಲಿಷಿನಲ್ಲಿ ಸೊನ್ನೆಯಿಲ್ಲದ ಕಾರಣ ಒಂದೆಡೆ ಎನ್, ಇನ್ನೊಂದೆಡೆ ಎಮ್ ಎಂದು ಬಿಡಿಸಿ ಬರೆಯಲೇಬೇಕು. ಲ್ಯಾಟಿನ್ನಿನಿಂದ ಬಂದ 'ಇನ್' ಎಂಬ ನಿಷೇಧಾರ್ಥದ ಪ್ರಿಫಿಕ್ಸ್ ಪಿ, ಬಿ, ಎಮ್‌ಗಳ ಮುಂದೆ 'ಇಮ್' ಆಗುತ್ತದೆ ಎಂಬ ನಿಯಮವನ್ನು ಇಷ್ಟಾದ ಮೇಲೆ ನಾನು ಹೇಳಬೇಕಾಗಿಯೇ ಇಲ್ಲ. 'ಪವರ್ಗ, ಸಾರ್' ಎಂದು ಹಿಂದಿನ ಬೆಂಚಿನಿಂದಲೇ ಉತ್ತರ ಬರುತ್ತದೆ.

ಎಲ್ ಮತ್ತು ಆರ್ ಮುಂದೆ ಬಂದಾಗ 'ಇನ್'ನಲ್ಲಿರುವ ಎನ್ ಪೂರ್ತಿಯಾಗಿ ಆ ಅಕ್ಷರವೇ ಆಗಿಬಿಡುತ್ತದೆ. ಉತ್ ಮತ್ತು ಲೇಖ ಸೇರಿ 'ಉಲ್ಲೇಖ' ಆಗುವ ಸಂಧಿಯನ್ನು ಬಲ್ಲವರಿಗೆ, ಇನ್ ಮತ್ತು ಲೀಗಲ್ ಸೇರಿದಾಗ ಎರಡು ಎಲ್ ಬರುವುದು ವಿಚಿತ್ರವೆನಿಸುವುದಿಲ್ಲ. ಇಂಗ್ಲಿಷಿನವರು ಅಲ್ಲಿ ಒಂದೇ ಎಲ್ ನುಡಿಯುವುದರಿಂದ ಕಿವಿಯನ್ನು ನಂಬಿ ಬರೆದರೆ ಕಾಗುಣಿತ ಕೆಡುತ್ತದೆ. ಪದವನ್ನು ಬಿಡಿಸಿ ನೋಡುವ ಅಭ್ಯಾಸದಿಂದ ನನ್ನ ತರಗತಿಗೆ ಆದ ದೊಡ್ಡ ಲಾಭ ಇದೇ. 'ಡಿಸಪಾಯಿಂಟ್' ಬರೆಯುವಾಗ ಎಸ್ ಎರಡೋ ಪಿ ಎರಡೋ ಎಂಬುದು ಪ್ರತಿ ವರ್ಷದ ಗೊಂದಲ. ಡಿಸ್‌ನಲ್ಲಿ ಇರುವುದು ಒಂದೇ ಎಸ್, ಅಪಾಯಿಂಟ್ ಶುರುವಾಗುವುದು ಎ ಅಕ್ಷರದಿಂದ, ಅದರೊಳಗೆ ಪಿ ಎರಡಿವೆ. ಹಾಗಾಗಿ ಒಂದು ಎಸ್, ಎರಡು ಪಿ. ಇದೇ ಲೆಕ್ಕದಲ್ಲಿ 'ಡಿಸ್‌ಸ್ಯಾಟಿಸ್ಫೈಡ್' ಪದಕ್ಕೆ ಮೊದಲಲ್ಲೇ ಎರಡು ಎಸ್, 'ಅನ್‌ನೆಸೆಸರಿ'ಗೆ ಎರಡು ಎನ್.

'ಅನ್' ಬೇರೆ ಮನೆತನದ್ದು. ಅದು ಹಳೆಯ ಇಂಗ್ಲಿಷಿನದೇ ಆದ್ದರಿಂದ ಲ್ಯಾಟಿನ್ನಿನ ಸಂಧಿ ಅದಕ್ಕೆ ತಗಲುವುದಿಲ್ಲ. 'ಅನ್‌ಪೇಯ್ಡ್', 'ಅನ್‌ಲಿಮಿಟೆಡ್' ಎಲ್ಲದರಲ್ಲೂ ಎನ್ ಹಾಗೆಯೇ ಉಳಿಯುತ್ತದೆ. ಭಾಷಾಶಾಸ್ತ್ರಜ್ಞರ ಪ್ರಕಾರ 'ಅನಾದಿ', 'ಅನುಚಿತ'ಗಳಲ್ಲಿರುವ ಸಂಸ್ಕೃತದ 'ಅನ್' ಕೂಡ ಇದೇ ಮೂಲದ್ದು. ಯಾವ ಪದಕ್ಕೆ 'ಅನ್', ಯಾವುದಕ್ಕೆ 'ಇನ್' ಎಂದು ಮಕ್ಕಳು ಕೇಳಿದಾಗ ಕಣ್ಣುಮುಚ್ಚಿ ನಂಬಬಹುದಾದ ನಿಯಮವಿಲ್ಲವೆಂದೇ ಹೇಳುತ್ತೇನೆ, ಏಕೆಂದರೆ ಒಂದೇ ಪದದ ಎರಡು ರೂಪಗಳು ಎರಡು ದಾರಿ ಹಿಡಿಯುವುದುಂಟು: ಗುಣವಾಚಕ 'ಅನೇಬಲ್', ಅದರ ನಾಮಪದ 'ಇನಬಿಲಿಟಿ', 'ಅನ್‌ಜಸ್ಟ್' ಆದರೆ 'ಇನ್‌ಜಸ್ಟಿಸ್', 'ಅನ್‌ಸ್ಟೇಬಲ್' ಆದರೆ 'ಇನ್‌ಸ್ಟಬಿಲಿಟಿ'. ಇಂಥವನ್ನು ಜೋಡಿಯಾಗಿಯೇ ಬರೆಸುತ್ತೇನೆ.

ನಿಷೇಧದ ಪ್ರಿಫಿಕ್ಸ್ ಹುಡುಕುವ ಹುಮ್ಮಸ್ಸಿನಲ್ಲಿ ಮಕ್ಕಳು 'ಅಂಕಲ್', 'ಯೂನಿಫಾರ್ಮ್'ಗಳನ್ನೂ ಕತ್ತರಿಸುತ್ತಾರೆ. ಮೊದಲ ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟು, ಉಳಿದದ್ದು ಬಳಕೆಯಲ್ಲಿರುವ ಪದವೇ ಎಂದು ನೋಡಲು ಹೇಳಿಕೊಟ್ಟಿದ್ದೇನೆ. ಆದರೂ 'ಇಂಪೋರ್ಟ್' ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ನಿಷೇಧ ಮಾತ್ರ ಅಲ್ಲಿಲ್ಲ. ಅದರಲ್ಲಿರುವುದು 'ಒಳಗೆ' ಎಂಬ ಅರ್ಥದ ಇನ್ನೊಂದು 'ಇನ್', ಸಂಧಿ ಮಾತ್ರ ಅದೇ ಪವರ್ಗದ್ದು. ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ಕಾಣುವ 'ಇನ್‌ಫ್ಲೇಮಬಲ್' ಕೂಡ ಈ ಎರಡನೆಯ ಗುಂಪಿನದು. ಅದು 'ಇನ್‌ಫ್ಲೇಮ್' ಎಂಬ ಕ್ರಿಯಾಪದದಿಂದ ಬಂದಿದ್ದು, ಬೆಂಕಿ ಹತ್ತುವುದಿಲ್ಲ ಎಂದು ಓದಿಕೊಂಡವರಿಗೆ ಅಪಾಯ ಕಾದಿರುತ್ತದೆ. 'ಫ್ಲೇಮಬಲ್' ಎಂದರೂ ಅರ್ಥ ಅದೇ. ಬೆಂಕಿ ಹತ್ತದ ವಸ್ತುವಿಗೆ 'ನಾನ್‌ಫ್ಲೇಮಬಲ್' ಎಂಬ ಬೇರೆ ಪದವಿದೆ.