ಓಡದ ಜಿರಳೆ, ಕೂಗು ನಿಲ್ಲಿಸದ ಅಳಿಲು: ಮನೆಯ ಸುತ್ತ ಕಂಡ ಅಪರೂಪಗಳು

ಕಾಡಿಗೆ ಹೋದವರು ಹೊಸದನ್ನು ಹುಡುಕುತ್ತಾರೆ. ಮನೆಯ ಸುತ್ತ ಆ ಉಪಾಯ ನಡೆಯುವುದಿಲ್ಲ. ಇಲ್ಲಿ ಅಪರೂಪದ ಜೀವಿ ತಾನಾಗಿ ಎದುರಿಗೆ ಬಂದು ನಿಲ್ಲುವುದು ಕಡಿಮೆ. ಅದರ ಸುಳಿವು ಕೊಡುವುದು ದಿನಾ ಕಾಣುವ ಅಳಿಲು, ಪಿಕಳಾರ, ಕಾಗೆ, ಹಲ್ಲಿಗಳು. ಅವುಗಳ ದಿನಚರಿ ಬಾಯಿಪಾಠವಾಗಿದ್ದರೆ ಎಲ್ಲೋ ಲಯ ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ. ನನ್ನ ನೆನಪಿನಲ್ಲಿ ಉಳಿದ ನೋಟಗಳಲ್ಲಿ ಹೆಚ್ಚಿನವು ಹೀಗೇ ಸಿಕ್ಕಿದ್ದು. ಅದೃಷ್ಟ ಇಲ್ಲವೆಂದಲ್ಲ, ಆದರೆ ಅದು ಬಂದಾಗ ನಾವು ಆ ಕಡೆ ತಿರುಗಿರಬೇಕಲ್ಲ!

ಮೊದಲು ಅಳಿಲು. ಕಾಂಡಕ್ಕೆ ತಲೆಕೆಳಗಾಗಿ ಅಂಟಿಕೊಂಡು, ಚಿಕ್ ಚಿಕ್ ಚಿಕ್ ಎಂದು ಒಂದೇ ಸಮನೆ, ಪ್ರತಿ ಕೂಗಿಗೂ ಬಾಲ ಜಾಡಿಸುತ್ತಾ ಅದು ಕೂಗತೊಡಗಿದರೆ ನಾನು ಕೈಯಲ್ಲಿದ್ದ ಕೆಲಸ ಬಿಡುತ್ತೇನೆ. ಹೆಚ್ಚಿನ ಸಲ ಕಾರಣ ಬೆಕ್ಕು. ಬೆಕ್ಕಾದರೆ ಅದು ನಡೆದು ಹೋಗುತ್ತದೆ, ಕೂಗೂ ಅದರ ಹಿಂದೆಯೇ ಸರಿಯುತ್ತದೆ. ಕೂಗು ಇದ್ದಲ್ಲೇ ಇದೆ, ನಿಲ್ಲುತ್ತಲೂ ಇಲ್ಲ ಎಂದರೆ ಬಂದವರು ಅಲ್ಲೇ ಕೂತಿದ್ದಾರೆ. ಆಗ ಅಳಿಲಿನ ಮೂತಿ ಯಾವ ದಿಕ್ಕಿಗಿದೆ ಎಂದು ನೋಡಿ, ಅದೇ ಗೆರೆಯಲ್ಲಿ ಕಣ್ಣು ಹಾಯಿಸಬೇಕು.

ಹಕ್ಕಿಗಳ ಎಚ್ಚರಿಕೆಯ ಕೂಗಿನಲ್ಲಿ ಮುಖ್ಯವಾಗಿ ಎರಡು ಬಗೆ. ಬೇಟೆ ಹಕ್ಕಿ ಹಾರಿ ಬರುತ್ತಿದ್ದರೆ ಸಣ್ಣ ಹಕ್ಕಿಗಳು ‘ಸೀ…’ ಎಂದು ತೆಳ್ಳಗೆ ಎಳೆಯುತ್ತವೆ. ಈ ದನಿ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದು ಕಷ್ಟ, ಕೂಗಿದ ಹಕ್ಕಿಗೆ ಬೇಕಾಗಿರುವುದೂ ಅದೇ. ಮರುಕ್ಷಣ ತೋಟವೆಲ್ಲ ಸ್ತಬ್ಧ. ಬೇಟೆಗಾರ ಸುಮ್ಮನೆ ಕೂತಿದ್ದರೆ ಕಥೆಯೇ ಬೇರೆ. ಒರಟಾಗಿ, ಚುಟುಕಾಗಿ, ಬಿಡದೆ ಬೈಯುತ್ತವೆ, ಸುತ್ತಲಿನವರನ್ನೂ ಕರೆಯುತ್ತವೆ. ಉತ್ತರ ಅಮೆರಿಕದ ಚಿಕಡೀ ಹಕ್ಕಿಯ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಬೇಟೆಗಾರ ಸಣ್ಣದಾಗಿ ಚುರುಕಾಗಿದ್ದಷ್ಟೂ ಆ ಹಕ್ಕಿ ತನ್ನ ‘ಚಿಕ್-ಅ-ಡೀ-ಡೀ’ ಕೂಗಿನ ಕೊನೆಯ ‘ಡೀ’ಗಳನ್ನು ಹೆಚ್ಚಿಸುತ್ತದಂತೆ. ದೊಡ್ಡ ಗೂಬೆಗೆ ಅಷ್ಟು ಮರ್ಯಾದೆ ಇಲ್ಲ, ಏಕೆಂದರೆ ಅದಕ್ಕೆ ಪುಟ್ಟ ಹಕ್ಕಿಯನ್ನು ಅಟ್ಟಿ ಹಿಡಿಯುವಷ್ಟು ಚುರುಕಿಲ್ಲ. ನಮ್ಮ ಪಿಕಳಾರಗಳ ಬೈಗುಳಕ್ಕೂ ಇಂಥ ವ್ಯಾಕರಣ ಇದ್ದರೆ ನನಗೇನೂ ಆಶ್ಚರ್ಯವಾಗದು.

ಕೊಂಬೇರಿ ಮೂರ್ಖ ಹಾವನ್ನು ಹತ್ತಿರದಿಂದ ನೋಡಿದ್ದು ಇಂಥ ಒಂದು ಬೈಗುಳದ ಸಭೆಯಲ್ಲಿ. ಎರಡು ಪಿಕಳಾರ, ಸಿಂಪಿಗ, ಸೂರಕ್ಕಿ ಎಲ್ಲ ಸೇರಿ ಒಂದು ಬಳ್ಳಿಯ ಸುತ್ತ ಎಗರಾಡುತ್ತಿದ್ದವು. ದುರ್ಬೀನು ಹಿಡಿದು ಎಷ್ಟು ನೋಡಿದರೂ ಎಲೆ ಬಿಟ್ಟು ಬೇರೇನೂ ಇಲ್ಲ. ಕೊನೆಗೆ ಹಕ್ಕಿಗಳು ಎಲ್ಲಿ ಕೂರುತ್ತಿಲ್ಲ ಎಂದು ಗಮನಿಸಿದೆ. ಒಂದು ಒಣ ಕಡ್ಡಿಯ ಹತ್ತಿರಕ್ಕೆ ಎಲ್ಲವೂ ಬರುತ್ತಿದ್ದವು, ಒಂದೂ ಅದರ ಮೇಲೆ ಇಳಿಯುತ್ತಿರಲಿಲ್ಲ. ಆ ಕಡ್ಡಿಗೆ ಕಣ್ಣಿತ್ತು! ಬೆನ್ನುದ್ದಕ್ಕೂ ಕಂಚಿನ ಬಣ್ಣ, ಬೆರಳಿಗಿಂತ ತೆಳ್ಳನೆಯ ಮೈ. ಪಿಕಳಾರವೊಂದು ತೀರಾ ಹತ್ತಿರ ನುಗ್ಗಿದಾಗ ಹಾವು ಕತ್ತು ಉಬ್ಬಿಸಿತು, ಹುರುಪೆಗಳ ನಡುವೆ ಬಚ್ಚಿಟ್ಟುಕೊಂಡಿದ್ದ ತಿಳಿನೀಲಿ ಚರ್ಮ ಒಮ್ಮೆ ಹೊಳೆದು ಮತ್ತೆ ಮುಚ್ಚಿಕೊಂಡಿತು. ಇದು ವಿಷವಿಲ್ಲದ ಹಾವು, ಕಪ್ಪೆ ಹಲ್ಲಿಗಳನ್ನು ಹಿಡಿದು ಬದುಕುತ್ತದೆ. ಹೆಸರು ಕೇಳಿಯೇ ಹೆದರುವವರು ಮಾತ್ರ ಬಹಳ.

ಕೇರೆ ಹಾವುಗಳ ಕುಸ್ತಿಯ ಸುಳಿವು ಕೊಟ್ಟದ್ದು ಕಾಗೆಗಳು. ಎರಡು ಹಾವು ಮೈ ಹೆಣೆದುಕೊಂಡು, ಮುಂಭಾಗವನ್ನು ನೆಲದಿಂದ ಎತ್ತಿ, ಒಂದು ಮತ್ತೊಂದರ ತಲೆಯನ್ನು ಕೆಳಗೆ ಒತ್ತಲು ನೋಡುತ್ತಿದ್ದವು. ಕಂಡವರೆಲ್ಲ ಇದನ್ನು ಮಿಲನ ಎಂದೇ ಹೇಳುವುದು. ನಿಜದಲ್ಲಿ ಎರಡೂ ಗಂಡು, ಹೆಣ್ಣಿಗಾಗಿ ಬಲಾಬಲ ನೋಡುತ್ತಿರುತ್ತವೆ. ಕಚ್ಚಾಟವಿಲ್ಲ, ರಕ್ತವಿಲ್ಲ. ಸೋತದ್ದು ಸಡಿಲಿಸಿಕೊಂಡು ಹರಿದು ಹೋಗುತ್ತದೆ, ಗೆದ್ದದ್ದು ಸ್ವಲ್ಪ ದೂರ ಅಟ್ಟುತ್ತದೆ. ಹಾವು ಯಾವುದೆಂದು ಖಾತ್ರಿ ಇಲ್ಲದಿದ್ದರೆ ದೂರವೇ ಲೇಸು. ಖಾತ್ರಿ ಇದ್ದರೂ ನಾನು ದೂರದಲ್ಲೇ ನಿಲ್ಲುತ್ತೇನೆ, ಅವುಗಳ ಆಟ ಕೆಡಿಸಬಾರದೆಂದು.

ಇವೆಲ್ಲಕ್ಕಿಂತ ವಿಚಿತ್ರವಾದದ್ದನ್ನು ಕಂಡದ್ದು ಸ್ನಾನದ ಮನೆಯಲ್ಲಿ. ದೀಪ ಹಾಕಿದೆ, ಜಿರಳೆ ಓಡಲಿಲ್ಲ. ಬೆಳಕು ಬಿದ್ದರೂ ಓಡದ ಜಿರಳೆ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಸತ್ತಿದೆಯೇ ಎಂದರೆ ಕಾಲೂರಿ ನೆಟ್ಟಗೆ ನಿಂತಿದೆ, ಮೀಸೆ ಎರಡೂ ಅರ್ಧಕ್ಕೆ ಮೊಟಕಾಗಿವೆ. ಅದರ ಮುಂದೆ ಎರಡು ಸೆಂಟಿಮೀಟರಿಗಿಂತ ತುಸು ಉದ್ದದ ಒಂದು ಕಣಜ, ಮೈಯೆಲ್ಲ ಲೋಹದ ಹೊಳಪಿನ ನೀಲಿ ಮಿಶ್ರಿತ ಹಸಿರು, ನಡುವಿನ ಮತ್ತು ಹಿಂದಿನ ಕಾಲುಗಳ ತೊಡೆ ಮಾತ್ರ ಕೆಂಪು. ಅದು ಜಿರಳೆಯ ಮೊಂಡು ಮೀಸೆಯನ್ನು ಬಾಯಲ್ಲಿ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಟ್ಟಿತು. ಜಿರಳೆ ಹಗ್ಗ ಹಿಡಿದ ಹಸುವಿನಂತೆ ಅದರ ಜೊತೆ ನಡೆಯಿತು. ಎಳೆದಾಟವೇ ಇಲ್ಲ.

ಇದು ಆಂಪ್ಯುಲೆಕ್ಸ್ ಕಂಪ್ರೆಸ್ಸಾ, ಪಚ್ಚೆ ಕಣಜ. ನಾನು ನೋಡುವ ಹೊತ್ತಿಗೆ ಅದರ ಅರ್ಧ ಕೆಲಸ ಮುಗಿದಿತ್ತು. ಇದು ಜಿರಳೆಗೆ ಎರಡು ಸಲ ಕುಟುಕುತ್ತದೆ. ಮೊದಲನೆಯದು ಎದೆಯ ಭಾಗಕ್ಕೆ, ಅದರಿಂದ ಮುಂಗಾಲುಗಳು ಸ್ವಲ್ಪ ಹೊತ್ತು ಸೋಲುತ್ತವೆ. ಆ ಬಿಡುವಿನಲ್ಲಿ ಎರಡನೆಯ ಕುಟುಕು ನೇರ ತಲೆಯ ನರಗಂಟುಗಳಿಗೆ. ಆಮೇಲೆ ಜಿರಳೆಗೆ ನಡೆಯಲು ಬರುತ್ತದೆ, ತಾನಾಗಿ ನಡೆಯಬೇಕೆಂಬ, ತಪ್ಪಿಸಿಕೊಳ್ಳಬೇಕೆಂಬ ಚುರುಕು ಮಾತ್ರ ಹೋಗಿಬಿಡುತ್ತದೆ. ಕಣಜ ಮೀಸೆ ಕತ್ತರಿಸಿ ಅಲ್ಲಿ ಒಸರುವ ದ್ರವವನ್ನು ಕುಡಿಯುತ್ತದೆ, ಬಿಲದಂಥ ಜಾಗಕ್ಕೆ ಜಿರಳೆಯನ್ನು ನಡೆಸಿಕೊಂಡು ಹೋಗಿ ಅದರ ಕಾಲಿನ ಬುಡಕ್ಕೆ ಒಂದು ಮೊಟ್ಟೆ ಅಂಟಿಸುತ್ತದೆ, ಬಾಗಿಲಿಗೆ ಕಲ್ಲು ಕಸ ತುಂಬಿ ಹೊರಟುಹೋಗುತ್ತದೆ. ಮೂರು ದಿನದ ಆಸುಪಾಸಿನಲ್ಲಿ ಮರಿಹುಳು ಹೊರಬಂದು, ಬದುಕಿರುವ ಜಿರಳೆಯನ್ನೇ ತಿನ್ನುತ್ತಾ ಒಳಹೊಕ್ಕು, ಅಲ್ಲೇ ಗೂಡು ನೇಯುತ್ತದೆ.

ನಾನು ಕಂಡ ಜೋಡಿ ಗೋಡೆ ಮತ್ತು ಬಾಗಿಲಚೌಕಟ್ಟಿನ ನಡುವಿನ ಸಂದಿಗೆ ಹೋಯಿತು. ಜಿರಳೆಯ ಅಗಲಕ್ಕೆ ಸಂದಿ ಸಾಲದೆ ಕಣಜ ಒಳಹೊಕ್ಕು ಹೊರಬಂದು, ಬೇರೆ ಕೋನದಿಂದ ಎಳೆದು ನೋಡಿತು. ಜಿರಳೆ ಹೊರಗೆ ಕಾಯುತ್ತಾ ನಿಂತಿತ್ತು, ಅದೇ ನನಗೆ ಮೈ ಜುಮ್ಮೆನಿಸಿದ್ದು. ಕೊನೆಗೆ ಇಬ್ಬರೂ ಒಳಗೆ. ಕಣಜ ಮತ್ತೆ ಬಂದು ಗಾರೆಯ ಚೂರು, ಕೂದಲ ಉಂಡೆ, ಏನು ಸಿಕ್ಕಿತೋ ಅದನ್ನು ಹೊತ್ತು ಬಾಯಿ ಮುಚ್ಚಿತು. ಮನೆಯವರು ಅಷ್ಟು ದಿನ ಆ ಸಂದಿಯನ್ನು ಗುಡಿಸದೆ ಬಿಟ್ಟರು, ಅದು ನನ್ನ ಪುಣ್ಯ.

ರಾತ್ರಿಯ ಮಾತು ಬೇರೆ, ಆಗ ಸುದ್ದಿ ಹೇಳಲು ಅಳಿಲಿಲ್ಲ. ಹೊರಗೋಡೆಗೆ ಬಿಳಿ ಬಟ್ಟೆ ಇಳಿಬಿಟ್ಟು ಎದುರಿಗೆ ದೀಪ ಹಚ್ಚಿದರೆ ಪತಂಗಗಳು ಬರುತ್ತವೆ, ಅವುಗಳ ಹಿಂದೆ ಹಲ್ಲಿಗಳು, ಕಪ್ಪೆಗಳು. ಅಮಾವಾಸ್ಯೆಯ ಆಸುಪಾಸು, ಮಳೆ ಬಿದ್ದ ಮರುದಿನದ ಸೆಕೆಯ ರಾತ್ರಿ ಇದಕ್ಕೆ ಚೆನ್ನ. ಕಾಯಂ ಹಲ್ಲಿಯೊಂದು ಬಟ್ಟೆಯ ಅಂಚಿಗೆ ಬಂದು ಮುಂದೆ ಬಾರದೆ ನಿಂತದ್ದನ್ನು ಕಂಡು ಹೋಗಿ ನೋಡಿದರೆ ಚಂದ್ರ ಪತಂಗ. ಅಂಗೈಗಿಂತ ಅಗಲ, ತಿಳಿಹಸಿರು, ಹಿಂದಿನ ರೆಕ್ಕೆಗಳಿಂದ ಇಳಿಬಿದ್ದ ಉದ್ದನೆಯ ಬಾಲ. ಒಂದು ಬಾಲ ಅರ್ಧಕ್ಕೆ ತುಂಡಾಗಿತ್ತು. ಇದರ ಅಮೆರಿಕದ ಸಂಬಂಧಿ ಲೂನಾ ಪತಂಗದ ಮೇಲೆ ನಡೆದ ಪ್ರಯೋಗಗಳು 2015ರಲ್ಲಿ ಪ್ರಕಟವಾದವು. ಹಾರುವಾಗ ತಿರುಚಿಕೊಳ್ಳುವ ಬಾಲ, ತನ್ನ ಕೂಗಿನ ಪ್ರತಿಧ್ವನಿ ಕೇಳಿ ಬೇಟೆ ಹುಡುಕುವ ಬಾವಲಿಯ ಲೆಕ್ಕಾಚಾರವನ್ನು ತಪ್ಪಿಸಿ, ಏಟು ಮೈಗೆ ಬೀಳದೆ ಬಾಲಕ್ಕೆ ಬೀಳುವಂತೆ ಮಾಡುತ್ತದೆ ಎಂದು ಅವು ತೋರಿಸಿದವು. ಬೆಳೆದ ಚಂದ್ರ ಪತಂಗ ಏನೂ ತಿನ್ನುವುದಿಲ್ಲ, ಬದುಕುವುದು ಸುಮಾರು ಒಂದು ವಾರ. ಆ ವಾರದಲ್ಲಿ ಜೋಡಿ ಹುಡುಕಬೇಕಾದ ಜೀವವನ್ನು ದೀಪಕ್ಕೆ ಕಟ್ಟಿಹಾಕುವುದು ಸರಿಯಲ್ಲವೆಂದು ಈಗ ಸ್ವಲ್ಪ ಹೊತ್ತು ನೋಡಿ ಆರಿಸಿಬಿಡುತ್ತೇನೆ.

ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಹುಲ್ಲಿನ ಮೇಲೆ ಬೆಳಕು ಹಾಯಿಸಿ ನೋಡಿ. ಇಬ್ಬನಿ ಎಂದುಕೊಂಡ ಹನಿಗಳಲ್ಲಿ ಕೆಲವು ಹಸಿರು ಕಿಡಿಯಂತೆ ಹೊಳೆಯುತ್ತವೆ, ಹತ್ತಿರ ಹೋದರೆ ಓಡುತ್ತವೆ. ಅವು ತೋಳ ಜೇಡಗಳ ಕಣ್ಣು. ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಇದು ಕಾಣದು, ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ಕಣ್ಣೂ ಅದೇ ದಾರಿಯಲ್ಲಿರಬೇಕು.

ನಿದ್ದೆಗೆಡಲು ಇಷ್ಟವಿಲ್ಲದವರಿಗೆ ಮಣ್ಣಿನ ಹಾಸು ಇದೆ. ಕಾಂಪೌಂಡ್ ಗೋಡೆಯ ಪಕ್ಕ, ಪ್ರಾಣಿಗಳು ನುಸುಳುವ ದಾರಿಯಲ್ಲಿ, ಜರಡಿ ಹಿಡಿದ ನಯವಾದ ಮಣ್ಣನ್ನು ತೆಳ್ಳಗೆ ಹರಡಿ ಸಂಜೆ ಸಮ ಮಾಡಿದರೆ ಬೆಳಿಗ್ಗೆ ಹೆಜ್ಜೆ ಓದಬಹುದು. ನಾಲ್ಕು ಬೆರಳು, ಉಗುರಿನ ಗುರುತಿಲ್ಲ, ಬೆಕ್ಕು. ನಾಲ್ಕು ಬೆರಳು, ಉಗುರಿದೆ, ನಾಯಿ. ಐದು ಬೆರಳು ಕಂಡರೆ ಕೂತು ನೋಡಿ, ಅದು ಮುಂಗುಸಿಯೋ ಪುನುಗು ಬೆಕ್ಕೋ ಆಗಿರಬಹುದು. ನಮ್ಮಲ್ಲಿ ಹಗಲು ಓಡಾಡುವುದು ಮುಂಗುಸಿ, ರಾತ್ರಿಯ ಹಾಸಿನಲ್ಲಿ ಅದರ ಹೆಜ್ಜೆ ಮೂಡುವುದು ಕಡಿಮೆ. ಗೋಡೆಯ ಮೇಲೆ ಹಣ್ಣಿನ ಬೀಜಗಳೇ ತುಂಬಿದ ಹಿಕ್ಕೆಯೂ ಇದ್ದರೆ ಮರ ಹತ್ತುವ ಪುನುಗು ಬೆಕ್ಕೆಂದು ಬಹುಮಟ್ಟಿಗೆ ನಂಬಬಹುದು. ಹೀಗೆ ಗುರುತು ಸಿಕ್ಕ ಮೇಲೇ ನಾನು ಟ್ರ್ಯಾಪ್ ಕ್ಯಾಮೆರಾ ಕಟ್ಟಿದ್ದು. ಅದರ ಸೆನ್ಸರ್ ಎಚ್ಚರಗೊಳ್ಳುವುದು ಬಿಸಿಯಾದದ್ದು ಅಲುಗಿದಾಗ. ಹಾಗಾಗಿ ಮಧ್ಯಾಹ್ನದ ಬಿಸಿಲಿಗೆ ಕಾದ ಎಲೆ ಗಾಳಿಗೆ ಆಡಿದರೂ ಕ್ಲಿಕ್ಕಿಸಿ ಮೆಮೊರಿ ಕಾರ್ಡ್ ತುಂಬಿಸುತ್ತದೆ. ಎದುರಿನ ಹುಲ್ಲು ಸವರಿ, ಮುಖವನ್ನು ನೆರಳಿನ ಕಡೆ ತಿರುಗಿಸಿದರೆ ಕಾಟ ಅರ್ಧ ಕಡಿಮೆ.

ಹಿತ್ತಲಿನ ಒಂದು ಮೂಲೆಯ ತರಗೆಲೆಯನ್ನು ನಾನು ಗುಡಿಸುವುದಿಲ್ಲ. ನವರಂಗ ಹಕ್ಕಿ ಬಂದದ್ದು ಅಲ್ಲಿಗೇ. ಆ ಮೂಲೆ ಹರಟೆಮಲ್ಲಗಳದ್ದು. ಗುಂಪಾಗಿ ಬರುತ್ತವೆ, ಎಲೆ ತಿರುವಿಹಾಕುತ್ತವೆ, ಬಾಯಿ ಮುಚ್ಚುವುದಿಲ್ಲ. ಅಂದು ಎಲೆ ತಿರುವುವ ಸದ್ದು ಮಾತ್ರ ಬರುತ್ತಿತ್ತು, ಹರಟೆ ಇಲ್ಲ. ಎರಡು ಸಲ ಸರಕ್, ಆಮೇಲೆ ಮೌನ, ಮತ್ತೆ ಸರಕ್. ಕಿಟಕಿಯ ಪರದೆಯ ಅಂಚಿನಿಂದ ನೋಡಿದರೆ ಬಾಲವೇ ಇಲ್ಲವೆನಿಸುವ ದುಂಡು ಹಕ್ಕಿ, ಹಸಿರು ಬೆನ್ನು, ಕಣ್ಣಿಗೆ ಅಡ್ಡಲಾಗಿ ದಪ್ಪ ಕಪ್ಪು ಪಟ್ಟಿ, ಬಾಲದ ಕೆಳಗೆ ಕಡುಗೆಂಪು. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತ, ಶ್ರೀಲಂಕಾಗಳಿಗೆ ಇಳಿಯುವ ಹಕ್ಕಿ ಇದು. ಪ್ರಯಾಣ ರಾತ್ರಿಯಲ್ಲಿ. ದಣಿದು ಮನೆಗಳ ಅಂಗಳಕ್ಕೆ, ಒಮ್ಮೊಮ್ಮೆ ಕೋಣೆಯೊಳಕ್ಕೇ ಬಂದಿಳಿಯುವುದಕ್ಕೆ ಇದು ಹೆಸರುವಾಸಿ.

ಇಂಥ ಅತಿಥಿ ಗಾಜಿಗೆ ಬಡಿದು ಬಿದ್ದಿದ್ದರೆ ನೀರು ಕುಡಿಸಲು ಹೋಗಬೇಡಿ, ಶ್ವಾಸನಾಳಕ್ಕೆ ಇಳಿದೀತು. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಮುಚ್ಚಿ, ಕತ್ತಲಲ್ಲಿ ಸದ್ದಿಲ್ಲದೆಡೆ ಇಡಿ. ಸುಧಾರಿಸಿಕೊಂಡಿತೆಂದರೆ ಒಳಗೆ ಓಡಾಡುವ ಸದ್ದು ಬರುತ್ತದೆ, ಆಗ ಹೊರಗೊಯ್ದು ಮುಚ್ಚಳ ತೆಗೆದರೆ ಸಾಕು. ಸುಧಾರಿಸದಿದ್ದರೆ ವನ್ಯಜೀವಿ ರಕ್ಷಣೆ ಮಾಡುವವರಿಗೆ ಒಪ್ಪಿಸುವುದು. ಬಡಿಯದಂತೆ ಮಾಡಲು ಗಾಜಿನ ಹೊರಮೈಗೆ ಸುಮಾರು 5 ಸೆಂ.ಮೀ. ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸಬೇಕು. ಒಂದೇ ಒಂದು ಗಿಡುಗನ ಚಿತ್ರ ಅಂಟಿಸಿ ಕೈತೊಳೆದುಕೊಂಡರೆ ಹಕ್ಕಿಗಳು ಅದರ ಪಕ್ಕಕ್ಕೇ ಬಂದು ಬಡಿಯುತ್ತವೆ.

ಏನು ಕಂಡರೂ ಫೋಟೊಗಿಂತ ಮೊದಲು ನಾನು ಬರೆಯುವುದು ಅದು ಏನು ಮಾಡುತ್ತಿತ್ತು ಎಂದು. ಬಣ್ಣ ಫೋಟೊದಲ್ಲಿ ಸಿಗುತ್ತದೆ, ಹಿಂದೆ ಹಿಂದೆ ನಡೆದ ಕಣಜ ಫೋಟೊದಲ್ಲಿ ಸುಮ್ಮನೆ ನಿಂತ ಕಣಜವಾಗುತ್ತದೆ. ಹೆಸರು ಗೊತ್ತಾಗದಿದ್ದರೆ ಜೀವಿಗಳ ಗುರುತು ಹಿಡಿಯಲು ಜನ ನೆರವಾಗುವ, 2008ರಿಂದ ಇರುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ, ಹಕ್ಕಿಯ ದನಿಗೆ ಮರ್ಲಿನ್ ಆ್ಯಪ್. ಮರ್ಲಿನ್ ಹೇಳಿದ್ದನ್ನು ಕಣ್ಣಾರೆ ಕಾಣುವ ತನಕ ಪಟ್ಟಿಗೆ ಸೇರಿಸುವುದಿಲ್ಲ, ಅಣಕಿಸುವ ಹಕ್ಕಿಗಳು ಅದನ್ನೂ ಏಮಾರಿಸುತ್ತವೆ.

ಜಾಗದ ವಿಷಯದಲ್ಲಿ ಮಾತ್ರ ನಾನು ಜಿಪುಣ. ಅಳಿವಿನಂಚಿನ ಪ್ರಾಣಿಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನಾಗಿ ಮಸುಕುಗೊಳಿಸುತ್ತದೆ, ಉಳಿದವಕ್ಕೆ ನಾವೇ ಆ ಆಯ್ಕೆ ಒತ್ತಬೇಕು. ಮನೆಯ ಬಳಿ ತೆಗೆದ ಚಿತ್ರವೆಂದರೆ ಮನೆಯ ವಿಳಾಸವೂ ಹೋದಂತೆಯೇ ಅಲ್ಲವೇ? ಗೂಬೆಯ ಪೊಟರೆ, ಹಾವಿನ ಬಿಲ, ಗೂಡು ಎಲ್ಲಿದೆ ಎಂದು ಕೇಳಿದವರಿಗೆ ಮುಂದಿನ ಋತುವಿನಲ್ಲಿ ಹೇಳುತ್ತೇನೆ ಎನ್ನುತ್ತೇನೆ. ಗೂಡಿನ ಫೋಟೊ ಹೊರಗೆ ಬರುವುದು ಮರಿಗಳು ಹಾರಿಹೋದ ಮೇಲೆ.