ಅಯ್ಯಂಗಾರ್ ಬೇಕರಿ ಬ್ರೆಡ್ಡಿನ ಕ್ವಾಸ್

ರಷ್ಯಾದಲ್ಲಿ ಡಾಕ್ಟರಿಕೆ ಓದಿ ಬಂದ ನಮ್ಮ ಅಕ್ಕನ ಮಗನಿಗೆ ಬೇಸಿಗೆ ಬಂದರೆ ಕ್ವಾಸಿನದೇ ಜಪ. ಬಿಯರಿಗೆ ದೂರದ ನೆಂಟನಾದ, ಬ್ರೆಡ್ಡಿನಿಂದ ಮಾಡುವ ಹುಳಿ ಪಾನೀಯ ಅದು. ಸೋವಿಯತ್ ಕಾಲದಲ್ಲಿ ಹಳದಿ ಟ್ಯಾಂಕುಗಳಲ್ಲಿ ತುಂಬಿ ಬೀದಿಬದಿ ಮಾರುತ್ತಿದ್ದರು.

ಅವನು ಬರೆದುಕೊಟ್ಟ ಚೀಟಿಯಲ್ಲಿದ್ದದ್ದು ರೈ ಎಂಬ ಗೋಧಿಯಂಥ ಧಾನ್ಯದ ಕಪ್ಪು ಬ್ರೆಡ್ಡು, ಸಕ್ಕರೆ, ಈಸ್ಟು, ಒಣದ್ರಾಕ್ಷಿ. ರೈ ಬ್ರೆಡ್ಡು ಹುಡುಕಿದರೆ ಬೆಂಗಳೂರಿನಲ್ಲೂ ಸಿಗುತ್ತದೆ. ಆದರೆ ನೆನೆಸಿ, ಸೋಸಿ, ಎಸೆಯುವ ಬ್ರೆಡ್ಡಿಗೆ ಅಷ್ಟು ದುಡ್ಡು ಸುರಿಯಲು ನನಗೆ ಮನಸ್ಸಾಗಲಿಲ್ಲ. ಅದು ಕೊಡುವುದೇನು? ಬಣ್ಣ, ಸುಟ್ಟ ಘಮ, ಹುಳಿ. ಬೇಕರಿಯ ಬಿಳಿ ಬ್ರೆಡ್ಡೊಂದೇ ಇದನ್ನೆಲ್ಲ ಕೊಡಲಾರದು, ಹಾಗಾಗಿ ರಾಗಿಯನ್ನೂ ಮೊಸರನ್ನೂ ಜೊತೆಗೆ ಕರೆದೆ.

ಮೊದಲ ಸಲ ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದೆ. ಆದದ್ದು ಅಂಬಲಿ! ಹಿಟ್ಟು ಬೇಡ, ಇಡೀ ಕಾಳೇ ಬೇಕು. 3 ಚಮಚ ರಾಗಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಚಟಪಟ ಸಿಡಿಯುತ್ತದೆ, ಆಮೇಲೆ ಕಾಫಿಬೀಜ ಹುರಿದಂಥ ವಾಸನೆ ಏಳುತ್ತದೆ. ಹೊಗೆ ಕಾಣುವ ಮುಂಚೆ ಇಳಿಸಿ. 5 ಸ್ಲೈಸ್ ಬ್ರೆಡ್ಡನ್ನು ಕಾವಲಿಯ ಮೇಲೆ ಎಣ್ಣೆ ಹಾಕದೆ ಕಡುಗಂದು ಬರುವವರೆಗೆ ಗರಿಗರಿ ಮಾಡಿ. ಖಾರಾ ಬ್ರೆಡ್ಡು ತರಬೇಡಿ, ಬೆಣ್ಣೆ ಸವರಿದ್ದೂ ಬೇಡ.

2 ಲೀಟರ್ ನೀರು ಕುದಿಸಿ ಇಳಿಸಿ, ಎರಡನ್ನೂ ಹಾಕಿ ಮುಚ್ಚಿಡಿ. 4 ಗಂಟೆ ಬಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಹಿಂಡಿದರೆ ಬಗ್ಗಡವಾಗುತ್ತದೆ. ಬಿಸಿಯಿದ್ದರೆ ಆರಲು ಬಿಡಿ. ಬಿಸಿ ನೀರಿಗೆ ಈಸ್ಟ್ ಹಾಕಿದರೆ ಸತ್ತೇ ಹೋಗುತ್ತದೆ.

ಆರಿದ ಮೇಲೆ 60 ಗ್ರಾಂ ಪುಡಿ ಬೆಲ್ಲ, ಕಾಲು ಚಮಚ ಒಣ ಈಸ್ಟ್, ಹುಳಿ ಮೊಸರಿನ ಮೇಲೆ ನಿಲ್ಲುವ ತಿಳಿನೀರು 2 ಚಮಚ ಹಾಕಿ ಕಲಸಿ. ರೈ ಬ್ರೆಡ್ಡಿನ ಹುಳಿಯೂ ಮೊಸರಿನ ಹುಳಿಯೂ ಒಂದೇ ಬಗೆಯವು, ಎರಡೂ ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ್ದು. ಬಟ್ಟೆ ಕಟ್ಟಿ ಇಡಿ. ಚೀಟಿಯಲ್ಲಿ ಎರಡು ದಿನ ಅಂತಿತ್ತು. ನಮ್ಮ ಏಪ್ರಿಲ್ ಸೆಖೆಗೆ ಒಂದೇ ದಿನ ಸಾಕು, ಸಂಕ್ರಾಂತಿ ಚಳಿಯಲ್ಲಾದರೆ ಎರಡು.

ಇನ್ನು ಬಾಟಲಿ. ಇಲ್ಲಿ ಮಾತ್ರ ಜಾಣತನ ತೋರಿಸಬೇಡಿ. ಗಾಜಿನದು ಗ್ಯಾಸಿನ ಒತ್ತಡಕ್ಕೆ ಸಿಡಿದೀತು, ಖಂಡಿತ ಬೇಡ, ಸೋಡಾ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿಯೇ ಸರಿ. ಲೀಟರಿಗೆ 4 ಗ್ರಾಂ ಸಕ್ಕರೆ ಹುಳಿತರೂ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ನಾವು ಹಾಕಿದ್ದು ಲೀಟರಿಗೆ 30 ಗ್ರಾಂ! ಎರಡು ಬೆರಳು ಜಾಗ ಬಿಟ್ಟು ತುಂಬಿ, ನಾಲ್ಕು ಒಣದ್ರಾಕ್ಷಿ ಹಾಕಿ ಮುಚ್ಚಳ ಬಿಗಿ ಮಾಡಿ. ಗಂಟೆಗೊಮ್ಮೆ ಒತ್ತಿ ನೋಡಿ. ದ್ರಾಕ್ಷಿ ತೇಲಿ, ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾದ ತಕ್ಷಣ ಫ್ರಿಜ್ಜಿಗೆ. ತೆರೆಯುವಾಗ ಸಿಂಕಿನ ಮೇಲೆ ಹಿಡಿದು ಮೆಲ್ಲಗೆ ತಿರುಗಿಸಿ.

ಸ್ವಲ್ಪ ಮದ್ಯಾಂಶ ಇದ್ದೇ ಇರುತ್ತದೆ, ಮಕ್ಕಳಿಗೂ ಬಸುರಿಯರಿಗೂ ಕೊಡಬೇಡಿ. "ಚಿಕ್ಕಮ್ಮ, ಹುಳಿ ಸರಿಯಾಗಿದೆ, ಹುರಿಹಿಟ್ಟಿನ ವಾಸನೆ ಬರ್ತಿದೆ ಅಷ್ಟೆ," ಅಂದ ಹುಡುಗ. ರಾಗಿ ಹಾಕಿದರೆ ಇನ್ಯಾವ ವಾಸನೆ ಬರಬೇಕು?

ಮೂರು ದಿನದೊಳಗೆ ಮುಗಿಸಿ. ಉಳಿದು ತೀರಾ ಹುಳಿಯಾದದ್ದಕ್ಕೆ ರಷ್ಯಾದಲ್ಲಿ ಸೌತೆಕಾಯಿ, ಬೇಯಿಸಿದ ಆಲೂಗಡ್ಡೆ ಹೆಚ್ಚಿ ಹಾಕಿ ಅಕ್ರೋಷ್ಕಾ ಎಂಬ ತಣ್ಣನೆ ಸೂಪು ಮಾಡುತ್ತಾರೆ. ನಮ್ಮನೆಯಲ್ಲಿ ಅದು ರವೆ ದೋಸೆ ಹಿಟ್ಟಿಗೆ ಹೋಯಿತು.