ಎನ್‌ಎಫ್‌ಎಸ್ ಸರ್ವರ್‌ನ ಪರೀಕ್ಷೆಗಳನ್ನು ನಾನು ತಿದ್ದಿದ ಬಗೆ

ತುಮಕೂರಿನ ಬಟವಾಡಿಯಲ್ಲಿರುವ ನನ್ನ ಮನೆಯ ಮಹಡಿಯ ಕೋಣೆಯಲ್ಲಿ ಮೂರು ಹಳೆಯ ಕಂಪ್ಯೂಟರ್‌ಗಳಿವೆ. ಒಂದರಲ್ಲಿ ನಮ್ಮ ತಂಡ ಬರೆಯುತ್ತಿರುವ ಎನ್‌ಎಫ್‌ಎಸ್ ನಾಲ್ಕನೇ ಆವೃತ್ತಿಯ ಸರ್ವರ್ ಇದೆ. ಎನ್‌ಎಫ್‌ಎಸ್ ಎಂದರೆ ಒಂದು ಕಂಪ್ಯೂಟರ್‌ನಲ್ಲಿರುವ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರ್‌ಗಳು ಬಳಸುವ ಪ್ರೋಟೋಕಾಲ್. ಉಳಿದೆರಡು ಆ ಫೈಲ್‌ಗಳನ್ನು ಬಳಸುವ ಲಿನಕ್ಸ್ ಕ್ಲೈಂಟ್‌ಗಳು. ರಾತ್ರಿ ತಾವಾಗಿಯೇ ಓಡುವ ಪರೀಕ್ಷೆಗಳ ಹೊಣೆ ನನ್ನ ಪಾಲಿಗೆ ಬಂದಾಗ, ಕೆಲವು ಒಂದು ದಿನ ಪಾಸಾಗಿ ಮರುದಿನ ಫೇಲಾಗುತ್ತಿದ್ದವು. ಫೇಲಾದದ್ದನ್ನು ಮತ್ತೊಮ್ಮೆ ಓಡಿಸಿ, ಪಾಸಾದರೆ ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿತ್ತು. ನನಗೋ, ಎಂದೂ ಫೇಲಾಗದ ಪರೀಕ್ಷೆಗಳ ಮೇಲೆಯೇ ಹೆಚ್ಚು ಅನುಮಾನವಿತ್ತು.

ಆ ಅನುಮಾನ ತೀರಿಸಿಕೊಳ್ಳಲು ಸರ್ವರ್‌ನ ರೀಡ್ ಭಾಗವನ್ನು ಬೇಕೆಂದೇ ಕೆಡಿಸಿ, ಏನು ಕೇಳಿದರೂ ಬರೀ ಸೊನ್ನೆಗಳನ್ನು ಕಳಿಸುವಂತೆ ಮಾಡಿದೆ. 4096 ಬೈಟ್ ಬರೆದು, ಫೈಲ್ ಮುಚ್ಚಿ, ಮತ್ತೆ ತೆರೆದು ಓದಿ ಹೋಲಿಸುವ ನಮ್ಮ ಮೊಟ್ಟಮೊದಲ ಪರೀಕ್ಷೆ ಆಗಲೂ ಪಾಸಾಯಿತು. ಎನ್‌ಎಫ್‌ಎಸ್ ಬಳಸುವ 2049ನೇ ಪೋರ್ಟ್‌ಗೆ, ನೆಟ್‌ವರ್ಕ್‌ನಲ್ಲಿ ಹೋಗಿಬರುವುದನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದರೆ, ರೈಟ್ ಹೋಗಿತ್ತು, ಫೈಲ್‌ನ ಅಳತೆ, ಬದಲಾವಣೆಯಂಥ ವಿವರ ಕೇಳುವ ಗೆಟ್‌ಆಟರ್ ಹೋಗಿತ್ತು, ರೀಡ್ ಮಾತ್ರ ಒಂದೂ ಹೋಗಿರಲಿಲ್ಲ. ಫೈಲ್ ಬದಲಾಗಿಲ್ಲವೆಂದು ಖಚಿತಪಡಿಸಿಕೊಂಡ ಕ್ಲೈಂಟ್ ತನ್ನ ಕ್ಯಾಶ್‌ನಲ್ಲಿ, ಅಂದರೆ ತನ್ನದೇ ಮೆಮೊರಿಯಲ್ಲಿ, ಇಟ್ಟುಕೊಂಡಿದ್ದ ಪ್ರತಿಯನ್ನೇ ಕೊಟ್ಟುಬಿಟ್ಟಿತ್ತು. ಅದು ಕ್ಲೈಂಟ್‌ನ ತಪ್ಪಲ್ಲ, ಅದರ ಕೆಲಸವೇ ಅದು. ನಾವು ಇಷ್ಟು ದಿನ ಪರೀಕ್ಷಿಸಿದ್ದು ಆ ಕ್ಲೈಂಟ್ ಅಡಗಿರುವ ಲಿನಕ್ಸ್ ಕರ್ನಲ್ ಅನ್ನು, ನಮ್ಮ ಸರ್ವರ್ ಅನ್ನಲ್ಲ.

ಅಂದಿನಿಂದ ಓದುವ ಪರೀಕ್ಷೆಗಳೆಲ್ಲ ಒಂದು ಕ್ಲೈಂಟ್‌ನಲ್ಲಿ ಬರೆದು ಮುಚ್ಚಿ, ಇನ್ನೊಂದರಲ್ಲಿ ತೆರೆದು ಓದುವಂತಾದವು. ಪ್ರೋಟೋಕಾಲ್‌ನ ಸೂಕ್ಷ್ಮಗಳಿಗೆ, ಕರ್ನಲ್ ಕ್ಲೈಂಟ್‌ನ ಹಂಗಿಲ್ಲದೆ ಸರ್ವರ್‌ನೊಡನೆ ನೇರವಾಗಿ ಮಾತನಾಡುವ ಪೈಎನ್‌ಎಫ್‌ಎಸ್ ಎಂಬ ಪರೀಕ್ಷಾ ಸಾಧನ ಬಳಸಿದೆ. ಫೈಲ್ ತೆರೆಯದೆ ಅದರ ಅಳತೆಯನ್ನಷ್ಟೇ ಕೇಳುವ ಪರೀಕ್ಷೆಗಳು 3ರಿಂದ 60 ಸೆಕೆಂಡುಗಳವರೆಗೆ ಹಳೆಯ ಉತ್ತರವನ್ನೇ ಕಾಣಬಹುದಾದ್ದರಿಂದ, ಅವುಗಳಿಗೆ ಮಾತ್ರ, ಇಂಥ ವಿವರಗಳನ್ನು ಎಷ್ಟು ಹೊತ್ತು ಕ್ಯಾಶ್‌ನಲ್ಲಿಡಬೇಕೆಂದು ಹೇಳುವ ಆ್ಯಕ್‌ಟೈಮಿಯೊ ಆಯ್ಕೆಯನ್ನು ಸೊನ್ನೆಯಿಟ್ಟು ಸರ್ವರ್‌ನ ಡೈರೆಕ್ಟರಿಯನ್ನು ಮೌಂಟ್ ಮಾಡಿದೆ, ಅಂದರೆ ಕ್ಲೈಂಟ್‌ಗೆ ಜೋಡಿಸಿದೆ. ಎಲ್ಲಕ್ಕೂ ಹಾಗೆ ಮಾಡಲಿಲ್ಲ, ಏಕೆಂದರೆ ಬಳಕೆದಾರರು ಹಾಗೆ ಮೌಂಟ್ ಮಾಡುವುದು ಅಪರೂಪ.

ಬಂದುಹೋಗುವ ಫೇಲುಗಳಲ್ಲಿ ಹೆಚ್ಚಿನವು ಸರ್ವರ್ ಮರುಚಾಲನೆಗೆ ಸಂಬಂಧಿಸಿದವು. ಸರ್ವರ್ ಎದ್ದ ಮೇಲೆ, ಫೈಲ್‌ಗಳ ಮೇಲೆ ತಾವು ಮೊದಲೇ ಹಾಕಿದ್ದ ಲಾಕ್‌ಗಳನ್ನು (ಬೀಗಗಳನ್ನು) ಕ್ಲೈಂಟ್‌ಗಳು ಮರಳಿ ಪಡೆಯಲೆಂದು ಗ್ರೇಸ್ ಅವಧಿ ಇರುತ್ತದೆ. ಲಿನಕ್ಸ್ ಸರ್ವರ್‌ನಂತೆ ನಮ್ಮದರಲ್ಲೂ ಅದು 90 ಸೆಕೆಂಡ್. ಅಷ್ಟರೊಳಗೆ ಹೊಸ ಲಾಕ್ ಕೇಳಿದರೆ 10013 ಎಂಬ ದೋಷಸಂಖ್ಯೆ ಬರುತ್ತದೆ. ಪರೀಕ್ಷೆಗಳಲ್ಲಿ ಯಾರೋ ಅಲ್ಲಲ್ಲಿ 100 ಸೆಕೆಂಡ್ ಏನೂ ಮಾಡದೆ ಕಾಯುವ, ಅಂದರೆ ಮಲಗುವ, ಸಾಲು ಸೇರಿಸಿದ್ದರು, ಸೇರಿಸದ ಕಡೆ ಫೇಲಾಗುತ್ತಿತ್ತು. ಸಮಯ ಉಳಿಸುವ ಆತುರದಲ್ಲಿ ನಾನು ಗ್ರೇಸ್ ಅವಧಿಯನ್ನು 10 ಸೆಕೆಂಡಿಗೆ ಇಳಿಸಿದೆ. ಕೂಡಲೇ ಲಾಕ್ ಮರಳಿ ಪಡೆಯುವ ಪರೀಕ್ಷೆಗಳು 10033 ಎಂಬ ದೋಷದೊಂದಿಗೆ ಬೀಳತೊಡಗಿದವು. ಎರಡು ದಿನ ಸರ್ವರ್‌ನಲ್ಲಿ ತಪ್ಪು ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಕ್ಲೈಂಟ್ ನವೀಕರಿಸದಿದ್ದರೂ ಅದರ ಲಾಕ್‌ಗಳನ್ನು ಸರ್ವರ್ ಉಳಿಸಿಕೊಳ್ಳುವ ಲೀಸ್ ಅವಧಿಯನ್ನು ನಾನು 90ರಲ್ಲೇ ಬಿಟ್ಟಿದ್ದೆ. ಸುಮ್ಮನಿರುವ ಕ್ಲೈಂಟ್‌ಗೆ ಸರ್ವರ್ ಬಿದ್ದೆದ್ದ ಸುದ್ದಿ ಗೊತ್ತಾಗುವುದು ತನ್ನ ಲೀಸ್ ನವೀಕರಿಸಲು ಹೋದಾಗ. ಅಷ್ಟರಲ್ಲಿ ಗ್ರೇಸ್ ಮುಗಿದುಹೋಗಿರುತ್ತಿತ್ತು. ಎರಡನ್ನೂ 15ಕ್ಕೆ ಇಳಿಸಿ, ಮಲಗುವ ಸಾಲುಗಳನ್ನು ಕಿತ್ತು, 10013 ಬಂದರೆ ಗಡುವಿನವರೆಗೆ ಮತ್ತೆ ಕೇಳುವಂತೆ ಬರೆದೆ. ಭಾನುವಾರ ರಾತ್ರಿಯ ಓಟವನ್ನು ಮಾತ್ರ ಮೂಲದ 90ರಲ್ಲೇ ಇಟ್ಟಿದ್ದೇನೆ.

ತೆರೆದಿರುವ ಫೈಲ್ ಅಳಿಸಿದಾಗ ಕ್ಲೈಂಟ್ ಉಳಿಸುವ, ಚುಕ್ಕಿಯಿಂದ ಶುರುವಾಗುವ ಎನ್‌ಎಫ್‌ಎಸ್ ಹೆಸರಿನ ಫೈಲ್‌ಗಳ ಕಾಟ, ಪ್ರತಿ ಪರೀಕ್ಷೆಗೂ ಬೇರೆ ಡೈರೆಕ್ಟರಿ ಕೊಟ್ಟೊಡನೆ ನಿಂತಿತು.

ರೀಡ್ ಕೆಡಿಸಿದ ಆ ಸರ್ವರ್‌ನ ಪ್ರತಿಯನ್ನು ನಾನು ಅಳಿಸಿಲ್ಲ. ರೈಟ್, ಲಾಕ್, ರಿನೇಮ್ ಭಾಗಗಳನ್ನು ಕೆಡಿಸಿದ ಇನ್ನೂ ಮೂರು ಪ್ರತಿಗಳು ಅದರ ಜೊತೆ ಸೇರಿವೆ. ತಿಂಗಳಿಗೊಮ್ಮೆ ಪರೀಕ್ಷೆಗಳನ್ನೆಲ್ಲ ಅವುಗಳ ಮೇಲೆ ಓಡಿಸುತ್ತೇನೆ. ಆ ರಾತ್ರಿ ಫೇಲಾಗಬೇಕಿದ್ದರೂ ಪಾಸಾಗಿ ಬಂದವುಗಳ ಪಟ್ಟಿಯೇ ನನ್ನ ಮರುದಿನದ ಕೆಲಸ.